ಓದುಗರ ಪ್ರಶ್ನೆ: ಪಾರ್ಕಿಂಗ್ ಗೆರೆಗೂ ರಸ್ತೆ ಅಪಘಾತಕ್ಕೂ ಏನು ನಂಟು?

ರಸ್ತೆ ಸುರಕ್ಷತೆ ಮತ್ತು ಅಂಗವಿಕಲರ ಪಾರ್ಕಿಂಗ್ ಎರಡಕ್ಕೂ ಸೇರಿ ಒಂದೇ ಕಾನೂನು ಬರಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ಬಂದಿವೆ, ಸಿಟ್ಟಿನವೂ ಇವೆ. ಸಿಟ್ಟಿನದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

*ಮೇಡಂ, ರಸ್ತೆ ಸುರಕ್ಷತೆ ಪ್ರಾಣದ ವಿಷಯ. ಪಾರ್ಕಿಂಗ್ ಬರೀ ಅನುಕೂಲದ ವಿಷಯ. ಎರಡನ್ನೂ ಒಂದೇ ಮಸೂದೆಗೆ ತುರುಕಿದರೆ ಮೊದಲನೆಯದು ಹಗುರ ಆಗುವುದಿಲ್ಲವೇ?*
— ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ನಾನು ಕಾರಿನಿಂದ ಹೇಗೆ ಇಳಿಯುತ್ತೇನೆ ಎಂದು ಹೇಳುತ್ತೇನೆ, ಕೇಳಿ. ನನ್ನದು ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಕೈಯಲ್ಲೇ ನಡೆಸುವಂತೆ ಬದಲಿಸಿದ ಕಾರು. ನಿಲ್ಲಿಸಿದ ಮೇಲೆ ಬಾಗಿಲನ್ನು ಪೂರ್ತಿ ತೆರೆಯಬೇಕು. ಪಕ್ಕದ ಸೀಟಿನಲ್ಲಿರುವ ವೀಲ್‌ಚೇರಿನ ಚೌಕಟ್ಟನ್ನು ಎದೆಯ ಮೇಲಿನಿಂದ ಎತ್ತಿ ಹೊರಗಿಡಬೇಕು. ಎರಡು ಚಕ್ರ ಸಿಕ್ಕಿಸಬೇಕು, ದಿಂಬು ಹಾಕಬೇಕು. ಆಮೇಲೆ ತೋಳಿನ ಬಲದಲ್ಲಿ ಮೈಯನ್ನು ಎತ್ತಿ ಕುರ್ಚಿಗೆ ಜಾರಬೇಕು. ಡ್ರೈವರ್ ಬಾಗಿಲು ಸಾಮಾನ್ಯವಾಗಿ ಇರುವುದು ರಸ್ತೆಯ ಕಡೆಗೆ. ಬದಿಯಲ್ಲಿ ಜಾಗ ಬಿಟ್ಟಿರದಿದ್ದರೆ ಈ ಕೆಲಸವೆಲ್ಲ ನಡೆಯುವುದು ಓಡುವ ವಾಹನಗಳ ಪಕ್ಕದಲ್ಲೇ. ಇದು ಅನುಕೂಲದ ವಿಷಯವೋ ಪ್ರಾಣದ ವಿಷಯವೋ, ನೀವೇ ಹೇಳಿ.

ಪಾರ್ಕಿಂಗ್ ಪಕ್ಕದಲ್ಲಿ ಓರೆ ಗೆರೆ ಎಳೆದು ಬಿಟ್ಟಿರುತ್ತಾರಲ್ಲ, ಅದು ಇದಕ್ಕೇ. ಅಮೆರಿಕದ ನಿಯಮದಲ್ಲಿ ಕಾರಿಗೆ 8 ಅಡಿ ಅಗಲ, ಪಕ್ಕದ ಖಾಲಿ ಪಟ್ಟಿಗೆ 5 ಅಡಿ. ನೆಲ ಹೆಚ್ಚು ಕಡಿಮೆ ಮಟ್ಟವಾಗಿರಬೇಕು. 48 ಅಡಿ ಉದ್ದಕ್ಕೆ 1 ಅಡಿಗಿಂತ ಜಾಸ್ತಿ ಇಳಿಜಾರು ಇರಕೂಡದು. ಇಳಿಜಾರಿದ್ದರೆ ನಾನು ಅರ್ಧ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ ಇರುವಾಗಲೇ ಕುರ್ಚಿ ಉರುಳಿ ಹೋಗುತ್ತದೆ. ಜನ ಆ ಓರೆ ಗೆರೆಯ ಮೇಲೆ ಬೈಕ್ ನಿಲ್ಲಿಸುತ್ತಾರೆ. 'ನಿಮ್ಮ ಜಾಗ ಮುಟ್ಟಿಲ್ಲವಲ್ಲ' ಎನ್ನುತ್ತಾರೆ. ಬಂದಾಗ ಜಾಗ ಖಾಲಿ ಇದ್ದರೂ, ವಾಪಸ್ ಹೋಗುವಾಗ ಕಾರಿನೊಳಗೆ ಹತ್ತುವ ದಾರಿಯೇ ಇರುವುದಿಲ್ಲ.

ಇಳಿದ ಮೇಲಿನ ಕಥೆ ಇನ್ನೊಂದು. ವೀಲ್‌ಚೇರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಸಾಲಾಗಿ ನಿಂತ ಕಾರುಗಳ ಹಿಂದಿನಿಂದ ಹೋಗುವಾಗ, ರಿವರ್ಸ್ ತೆಗೆಯುವ ಡ್ರೈವರ್‌ಗೆ ನಾನು ಕಾಣುವುದು ಕಷ್ಟ. ಚಿಕ್ಕ ಮಕ್ಕಳಿಗೂ ಇದೇ ಅಪಾಯ. ಅದಕ್ಕೇ ಮೀಸಲು ಜಾಗದಿಂದ ಬಾಗಿಲಿಗೆ ಹೋಗುವ ದಾರಿ ಬೇರೆ ಕಾರುಗಳ ಹಿಂದೆ ಹಾಯಬಾರದು. ನಕ್ಷೆ ಬರೆಯುವಾಗಲೇ ಇದನ್ನು ನೋಡಿಕೊಂಡರೆ ಖರ್ಚೇನೂ ಇಲ್ಲ.

ಜೀಬ್ರಾ ಕ್ರಾಸಿಂಗ್ ಪಕ್ಕದಲ್ಲೇ ಕಾರು ನಿಂತಿದ್ದರೂ ಇದೇ ತೊಂದರೆ. ದಾಟುವವರು ಡ್ರೈವರ್‌ಗೆ ಕಾಣುವುದಿಲ್ಲ, ಡ್ರೈವರ್ ದಾಟುವವರಿಗೆ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಒಂದು ಕಾನೂನು ಮಾಡಿತು: ವಾಹನ ಬರುವ ಕಡೆಯಿಂದ ಕ್ರಾಸಿಂಗಿಗೆ 20 ಅಡಿ ಮೊದಲೇ ಪಾರ್ಕಿಂಗ್ ನಿಲ್ಲಬೇಕು. ನ್ಯೂಜೆರ್ಸಿಯ ಹೊಬೊಕೆನ್ ಎಂಬ ಸಣ್ಣ ಊರು ಮೂಲೆಗಳನ್ನು ಹೀಗೆ ಖಾಲಿ ಮಾಡುವುದನ್ನು ಪಟ್ಟು ಹಿಡಿದು ಮಾಡಿದೆ. ಜೊತೆಗೆ ವೇಗವನ್ನೂ ಇಳಿಸಿತು. 2017ರ ಜನವರಿಯ ನಂತರ ಏಳು ವರ್ಷ ಅಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಇಲ್ಲಿ ಪಾರ್ಕಿಂಗ್ ನಿಯಮ ಯಾವುದು, ಸುರಕ್ಷತಾ ನಿಯಮ ಯಾವುದು? ಬೇರೆ ಮಾಡಲು ಆಗುವುದಿಲ್ಲ, ಅಲ್ವಾ?

ಬೇರೆಬೇರೆಯಾಗಿ ಯೋಚಿಸಿದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ಎಷ್ಟೋ ನಗರಗಳಲ್ಲಿ ಸೈಕಲ್ ಸವಾರರ ಸುರಕ್ಷತೆಗೆಂದು ಫುಟ್‌ಪಾತ್ ಪಕ್ಕದಲ್ಲಿ ಸೈಕಲ್ ದಾರಿ ಮಾಡಿ, ಪಾರ್ಕಿಂಗನ್ನು ಅದರ ಆಚೆಗೆ ತಳ್ಳಿದರು. ಒಳ್ಳೆಯ ಯೋಜನೆಯೇ. ಆದರೆ ವೀಲ್‌ಚೇರಿನವರು ಇಳಿದರೆ ಒಂದು ಬದಿಗೆ ಕಾರುಗಳು, ಇನ್ನೊಂದು ಬದಿಗೆ ಸೈಕಲ್‌ಗಳು. ಫುಟ್‌ಪಾತ್ ಹತ್ತುವ ರ‍್ಯಾಂಪ್ ಎಲ್ಲೋ ಮೂಲೆಯಲ್ಲಿ.

ಇನ್ನೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ರಸ್ತೆ ಅಪಘಾತಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಗಾಯಗೊಳ್ಳುವವರು 2ರಿಂದ 5 ಕೋಟಿ. ಇವರಲ್ಲಿ ಎಷ್ಟೋ ಜನ ಅಂಗವಿಕಲರಾಗಿ ಮನೆಗೆ ಬರುತ್ತಾರೆ. ಅವರಿಗೂ ಮುಂದೆ ಆ 5 ಅಡಿ ಬೇಕಾಗುತ್ತದೆ.

*ನಮ್ಮ ಕಟ್ಟಡದ ಮುಂದೆ ಗಾಲಿಕುರ್ಚಿ ಚಿತ್ರ ಬರೆದ ಎರಡು ಜಾಗ ಸದಾ ಖಾಲಿ. ಗಿರಾಕಿಗಳು ಜಾಗ ಸಿಗದೆ ಸುತ್ತು ಹೊಡೆಯುತ್ತಾರೆ. ಯಾರೂ ಬಾರದ ಜಾಗ ಯಾಕೆ ಬೇಕು?*
— ಅಂಗಡಿ ಮಾಲೀಕರು

ಖಾಲಿ ಇರಲೆಂದೇ ಅದು ಇರುವುದು, ಸ್ವಾಮಿ. ನಿಮ್ಮ ಕಟ್ಟಡದ ತುರ್ತು ಬಾಗಿಲನ್ನೂ ದಿನಾ ಯಾರೂ ಬಳಸುವುದಿಲ್ಲ. ಹಾಗೆಂದು ಅದಕ್ಕೆ ಅಡ್ಡವಾಗಿ ಮೂಟೆ ಜೋಡಿಸುತ್ತೀರಾ? ನೀವು ಇನ್ನೊಂದು ಬೀದಿಯಲ್ಲಿ ನಿಲ್ಲಿಸಿ ನಡೆದು ಬರಬಹುದು. ನಾನು ಬರಲಾರೆ, ವಾಪಸ್ ಮನೆಗೆ ಹೋಗುತ್ತೇನೆ. ಆದ್ದರಿಂದ 'ಯಾರೂ ಬರುವುದಿಲ್ಲ' ಎನ್ನುವ ಮೊದಲು, ಆ ಜಾಗದಿಂದ ನಿಮ್ಮ ಕೌಂಟರ್‌ವರೆಗೆ ಮೆಟ್ಟಿಲು ಎಷ್ಟಿವೆ ಎಂದು ಒಮ್ಮೆ ಎಣಿಸಿ.

*ಮೀಸಲು ಜಾಗದಲ್ಲಿ ಕಾರು ನಿಲ್ಲಿಸಿ ಸಲೀಸಾಗಿ ನಡೆದು ಹೋಗುವವರನ್ನು ನೋಡಿದ್ದೇನೆ. ಫೋಟೊ ತೆಗೆದು ಹಾಕಬೇಕು ಅನಿಸುತ್ತದೆ. ಹಾಕಲೇ?*
— ಕಾಲೇಜು ವಿದ್ಯಾರ್ಥಿನಿ

ಬೇಡಮ್ಮ. ಹೃದಯದ, ಶ್ವಾಸಕೋಶದ ತೊಂದರೆ ಇದ್ದವರು ಹತ್ತು ಹೆಜ್ಜೆ ಚೆನ್ನಾಗಿಯೇ ನಡೆಯುತ್ತಾರೆ, ನೂರನೇ ಹೆಜ್ಜೆಗೆ ಕುಸಿಯುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೆ 'ಬ್ಲೂ ಬ್ಯಾಡ್ಜ್' ಎಂಬ ಗುರುತಿನ ಚೀಟಿ ಇದೆ, ಮೀಸಲು ಜಾಗದಲ್ಲಿ ನಿಲ್ಲಿಸುವವರು ಅದನ್ನು ಕಾರಿನಲ್ಲಿ ಕಾಣುವಂತೆ ಇಡುತ್ತಾರೆ. ಇಂಗ್ಲೆಂಡಿನಲ್ಲಿ 2019ರ ಆಗಸ್ಟ್‌ನಿಂದ ಕಣ್ಣಿಗೆ ಕಾಣದ ಅಂಗವಿಕಲತೆ ಇರುವವರಿಗೂ ಅದನ್ನು ಕೊಡುವ ದಾರಿ ತೆರೆದರು. ಆಟಿಸಂ ಇರುವ ಮಗು ವಾಹನಗಳ ನಡುವೆ ಕೈಬಿಡಿಸಿಕೊಂಡು ಓಡಿಬಿಟ್ಟರೆ? ಅದೂ ರಸ್ತೆ ಸುರಕ್ಷತೆಯೇ.

ನೀನು ನೋಡಬೇಕಾದ್ದು ಕಾರಿನಲ್ಲಿ ಇಂಥ ಗುರುತು ಇದೆಯೋ ಇಲ್ಲವೋ ಎಂದು, ಕಾಲನ್ನಲ್ಲ. ಇಲ್ಲದಿದ್ದರೆ ಅಲ್ಲಿನ ಕಾವಲುಗಾರರಿಗೋ ಪೊಲೀಸರಿಗೋ ಹೇಳು. ಮೋಸವೂ ಇದೆ, ಇಲ್ಲ ಎನ್ನುವುದಿಲ್ಲ. ಆ ಬ್ಯಾಡ್ಜ್ ಮನುಷ್ಯರಿಗೆ ಸೇರಿದ್ದು, ಕಾರಿಗಲ್ಲ. ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಅಜ್ಜಿಯ ಬ್ಯಾಡ್ಜ್ ಹಾಕಿಕೊಂಡು ಬರುವ ಮೊಮ್ಮಕ್ಕಳನ್ನು ಹಿಡಿಯುವುದು ಅಧಿಕಾರಿಗಳ ಕೆಲಸ.

*ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆಯೇ?*
— ಬ್ಯಾಂಕ್ ಉದ್ಯೋಗಿ

ಇಲ್ಲ. ಸಿಕ್ಕಿಬೀಳುವುದೇ ಇಲ್ಲ ಎಂದು ಗೊತ್ತಿದ್ದವರಿಗೆ ದಂಡ ಎಷ್ಟಿದ್ದರೇನು? 'ಎರಡೇ ನಿಮಿಷ' ಎನ್ನುವವರು ಹೆದರುವುದು ಗಾಡಿ ಎತ್ತಿಕೊಂಡು ಹೋಗುವವರಿಗೆ.

*ಇಂಥ ಮಸೂದೆಯ ಕರಡು ಬಂದು ಸಾರ್ವಜನಿಕರ ಅಭಿಪ್ರಾಯ ಕೇಳಿದರೆ ನಮ್ಮಂಥವರು ಏನು ಬರೆಯಬೇಕು?*
— ಗೃಹಿಣಿ

ಮೊದಲು ನೋಡಬೇಕಾದ್ದು, ಅಳತೆಗಳು ಕಡ್ಡಾಯವೋ ಬರೀ ಸಲಹೆಯೋ ಎಂದು. ಭಾರತದ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಎಂಬವರು ಸಾರ್ವಜನಿಕ ಜಾಗಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದು ಹೂಡಿದ ಪ್ರಕರಣದಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕಡ್ಡಾಯ ಎನ್ನುತ್ತದೆ, ಆದರೆ ಅದರಡಿಯ 15ನೇ ನಿಯಮ ಎಲ್ಲವನ್ನೂ ಸಲಹೆಯ ಮಟ್ಟಕ್ಕೆ ಇಳಿಸಿದೆ, ಇದು ಕಾಯ್ದೆಗೆ ವಿರುದ್ಧ ಎಂದಿತು. ಕಡ್ಡಾಯ ನಿಯಮ ರೂಪಿಸಲು ಸರ್ಕಾರಕ್ಕೆ ಮೂರು ತಿಂಗಳು ಕೊಟ್ಟಿತು.

ಎರಡನೆಯದು, ಜಾಗಗಳ ಸಂಖ್ಯೆ. 'ಸಾಕಷ್ಟು' ಎಂದಿದ್ದರೆ ಒಪ್ಪಬೇಡಿ. ಅಮೆರಿಕದಲ್ಲಿ 25 ಕಾರುಗಳವರೆಗಿನ ಪಾರ್ಕಿಂಗಿಗೆ ಕನಿಷ್ಠ ಒಂದು ಮೀಸಲು ಜಾಗ ಎಂದು ಅಂಕಿಯಲ್ಲೇ ಇದೆ. ಆ ಓರೆ ಗೆರೆಯ ಪಟ್ಟಿಯಲ್ಲಿ ನಿಲ್ಲಿಸಿದರೂ ದಂಡ ಎಂದು ಬೇರೆಯಾಗಿ ಹೇಳಿದೆಯೇ ನೋಡಿ. ಕ್ರಾಸಿಂಗ್ ಮುಂದಿನ ಖಾಲಿ ಅಂತರ ಬಿಟ್ಟುಹೋಗಿದ್ದರೆ ಕೇಳಿ. ರಸ್ತೆ ಅಗೆದಾಗ, ಸೈಕಲ್ ದಾರಿ ಮಾಡಿದಾಗ ಮೀಸಲು ಜಾಗ ತೆಗೆದರೆ, ಬದಲಿ ಜಾಗ ಮೊದಲು ಕೊಡಬೇಕು ಎಂದೂ ಬರೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ.

ಉದ್ದ ಬೇಡ, ಒಂದು ಪುಟ ಸಾಕು. ಯಾವ ಕಲಂ ಬಗ್ಗೆ ಹೇಳುತ್ತಿದ್ದೀರಿ ಎಂದು ಸಂಖ್ಯೆ ಹಾಕಿ, ಅಲ್ಲಿ ಏನಿರಬೇಕೋ ಆ ವಾಕ್ಯವನ್ನೇ ಬರೆದುಕೊಡಿ. ನಿಮ್ಮ ಬೀದಿಯ ಒಂದು ಫೋಟೊ ಇದ್ದರೆ ಅದನ್ನೂ ಲಗತ್ತಿಸಿ, ಆದರೆ ನಂಬರ್ ಪ್ಲೇಟ್ ಕಾಣದಂತೆ.