"ಸ್ವಲ್ಪ ಬುದ್ಧಿ ಹೇಳಿ ಮೇಡಂ"

ಗಂಡ ಬಾಗಿಲಲ್ಲೇ ಶುರು ಮಾಡಿದರು. "ಮೇಡಂ, ಎದೆ ಹೊಡ್ಕೊಳ್ಳುತ್ತೆ ಅಂತಾಳೆ. ಹಾರ್ಟ್ ತೋರಿಸಿದ್ವಿ, ಥೈರಾಯ್ಡ್ ತೋರಿಸಿದ್ವಿ. ಎಲ್ಲಾ ನಾರ್ಮಲ್ ಐತೆ ಅಂತಾರೆ. ಇವಳು ಸುಮ್ನೆ ಜಾಸ್ತಿ ಯೋಚನೆ ಮಾಡ್ತಾಳೆ. ನೀವು ಸ್ವಲ್ಪ ಬುದ್ಧಿ ಹೇಳಿ."

ಹೆಂಡತಿ ಮಾತಾಡಲಿಲ್ಲ. ಮಡಿಲಲ್ಲಿ ಬಟ್ಟೆ ಅಂಗಡಿಯ ಕವರು. ಅದರೊಳಗೆ ನಾಲ್ಕು ಇಸಿಜಿ, ಒಂದು ಎಕೋ, ರಕ್ತದ ರಿಪೋರ್ಟುಗಳು. ತಾರೀಕಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು.

ಇವರನ್ನು ಶಾರದಮ್ಮ ಅನ್ನೋಣ. ವಯಸ್ಸು 40 ದಾಟಿದೆ. ದಾವಣಗೆರೆಯವರು, ಗಂಡನದು ಮಂಡಕ್ಕಿ ಭಟ್ಟಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಈ "ಬುದ್ಧಿ ಹೇಳಿ" ಅನ್ನುವ ಮಾತನ್ನು ಆಪ್ತಸಮಾಲೋಚಕಿಯಾದ ನಾನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ತಪ್ಪೇನಿಲ್ಲ. ನಮ್ಮ ಕಡೆ ಆಸ್ತಿ ಪಾಲು, ಗಂಡ-ಹೆಂಡತಿ ಜಗಳ ಬಂದರೆ ಸೋಮವಾರ ಸಿರಿಗೆರೆಗೆ ಹೋಗುವ ರೂಢಿ ಇದೆ. ಅಲ್ಲಿನ ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಎರಡೂ ಕಡೆಯವರ ಮಾತು ಕೇಳಿ ತೀರ್ಮಾನ ಹೇಳುತ್ತಾರೆ. ದೊಡ್ಡವರ ಮುಂದೆ ಕೂತರೆ ಒಂದು ತೀರ್ಪು ಸಿಗಬೇಕು ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಆದರೆ ನನ್ನ ಕೋಣೆಯಲ್ಲಿ ತೀರ್ಪು ಸಿಗಲ್ಲ. ಯಾರದು ಸರಿ, ಯಾರದು ತಪ್ಪು ಅಂತ ನಾನು ಹೇಳುವುದಿಲ್ಲ. ಬುದ್ಧಿ ಹೇಳಿದರೆ ಎದೆ ಡವಡವ ಹೊಡೆದುಕೊಳ್ಳುವುದು ನಿಲ್ಲುವುದಾಗಿದ್ದರೆ ಶಾರದಮ್ಮನ ಅತ್ತೆ ಹೇಳಿದ್ದರಲ್ಲೇ ನಿಲ್ಲಬೇಕಿತ್ತು. ಅವರು ಹೇಳಿದ್ದು ಕಡಿಮೆಯೇನಲ್ಲ.

ಗಂಡನಿಗೆ ಹೊರಗೆ ಕೂರಲು ಹೇಳಿದೆ. ಇಲ್ಲದಿದ್ದರೆ ಪ್ರತಿ ಪ್ರಶ್ನೆಗೂ ಅವರೇ ಉತ್ತರ ಕೊಡುತ್ತಿದ್ದರು. ಆಮೇಲೆ ಸುಮಾರು 50 ನಿಮಿಷ ಬರೀ ಪ್ರಶ್ನೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮುಟ್ಟು ಸರಿಯಾಗಿ ಆಗುತ್ತಾ, ಯಾವ ಮಾತ್ರೆ ನಡೀತಿದೆ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ. "ಸಾಯಬೇಕು ಅಂತ ಯಾವಾಗಾದರೂ ಅನಿಸಿದೆಯಾ?" ಅಂತಲೂ ಕೇಳಿದೆ. ಅವರು ಬೆಚ್ಚಿದರು. ಇದನ್ನು ಬಂದವರಿಗೆಲ್ಲ ಕೇಳುತ್ತೇವೆ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಇದ್ದರೆ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಅವರ ದೊಡ್ಡ ಭಯ ಬೇರೆಯೇ ಇತ್ತು. "ಯಾರಿಗಾದರೂ ಗೊತ್ತಾದರೆ?" ಪಕ್ಕದ ಮನೆಯವರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತೀನಿ ಅಂದು ಬಂದಿದ್ದರಂತೆ. ಒಳ್ಳೆಯ ನೆಪ, ಈ ಊರಲ್ಲಿ ಹಲ್ಲಿನ ಕಾಲೇಜೇ ಎರಡಿವೆ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ ಎಂದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ಆದರೆ ಅದಕ್ಕೂ ಮಿತಿ ಇದೆ. ಅವರ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ನಾನು ಸುಮ್ಮನಿರುವಂತಿಲ್ಲ. ಇದನ್ನು ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಮುಂದಿನ ವಾರ ಅವರ ನಾದಿನಿ ಫೋನ್ ಮಾಡಿದರು, "ನಮ್ಮತ್ತಿಗೆ ನಿಮ್ಮ ಹತ್ರ ಬರ್ತಾರಂತಲ್ಲ, ಏನಾಗಿದೆ?" ಬರುತ್ತಾರೋ ಇಲ್ಲವೋ ಅದನ್ನೂ ಹೇಳಲಾಗದು ಎಂದೆ. ಅವರಿಗೆ ಸಿಟ್ಟು ಬಂತು.

ಎರಡನೇ ಭೇಟಿ ಮುಗಿದ ಮೇಲೆ ಗಂಡನ ಫೋನು. "ನಿಮ್ಮ ಹತ್ರ ಬಂದ ಮೇಲೆ ಜಾಸ್ತಿ ಅಳ್ತಾಳೆ ಮೇಡಂ." ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ವರ್ಷಗಟ್ಟಲೆ ಮುಚ್ಚಿಟ್ಟ ವಿಷಯ ತೆರೆದಾಗ ಮೊದಲ ಕೆಲವು ವಾರ ಭಾರ ಅನಿಸುವುದುಂಟು. ಆದರೆ ಇದರಲ್ಲಿ ನನ್ನ ತಪ್ಪೂ ಇತ್ತು. ಮೊದಲ ದಿನ ಗಂಡನನ್ನು ಹೊರಗೆ ಕೂರಿಸಿದೆನೇ ಹೊರತು, ಯಾಕೆ ಅಂತ ಹೇಳಿರಲಿಲ್ಲ. ತನ್ನ ಮೇಲೇ ದೂರು ನಡೀತಿದೆ ಅಂದುಕೊಂಡು ಅವರು ಬಾಗಿಲ ಹತ್ತಿರವೇ ನಿಂತಿದ್ದರಂತೆ.

ಮೂರನೇ ಸಲ ಶಾರದಮ್ಮನನ್ನು ಕೇಳಿ ಗಂಡನನ್ನೂ ಒಳಗೆ ಕರೆದೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ ಎಂದೆ. ಕಳ್ಳ ಇಲ್ಲದಿದ್ದರೂ ನಾಯಿ ಬೊಗಳಿದ ಹಾಗೆ, ಅಪಾಯ ಇಲ್ಲದೆಯೇ ಮೈ ಎಚ್ಚರಿಕೆ ಕೊಡುತ್ತದೆ. ಉಸಿರು ಜೋರಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದಕ್ಕೇ ಬೆರಳು ಜುಮುಗುಟ್ಟುವುದು, ತಲೆ ತಿರುಗುವುದು. ಸಾಮಾನ್ಯವಾಗಿ 10 ನಿಮಿಷದೊಳಗೆ ಏರಿ ಆಮೇಲೆ ಇಳಿಯುತ್ತದೆ. ಮೊದಲ ಸಲ ಎದೆನೋವು ಬಂದಾಗ ಹೃದಯ ತೋರಿಸಿದ್ದು ಸರಿಯೇ. ನಾಲ್ಕನೇ ಇಸಿಜಿ ಬೇಕಿರಲಿಲ್ಲ. ಗಂಡನಿಗೆ ಕೆಲಸವನ್ನೂ ಕೊಟ್ಟೆ: ಆಟೋಗೆ ಓಡಬೇಡಿ, "ಧೈರ್ಯ ತಗೋ" ಅನ್ನಬೇಡಿ. ಪಕ್ಕದಲ್ಲಿ ಕೂತು ಗಡಿಯಾರ ನೋಡಿ, ಅಷ್ಟೇ.

ಶಾರದಮ್ಮನಿಗೆ ಕೊಟ್ಟ ಹೋಂವರ್ಕ್ ಬರೆಯುವುದು. ಯಾವಾಗ ಬಂತು, ಎಲ್ಲಿದ್ದಿರಿ, ಏನು ಯೋಚನೆ ಬಂತು, ಎಷ್ಟು ನಿಮಿಷ ಇತ್ತು. ಅವರು ಭಟ್ಟಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಗೆರೆ ಹಾಕಿಕೊಂಡು ಬಂದರು. ಒಂದು ಕಡೆ ಅಕ್ಕಿ ಚೀಲದ ಲೆಕ್ಕ, ಹಿಂಬದಿಯಲ್ಲಿ ಭಯದ ಲೆಕ್ಕ. ಒಂಬತ್ತರಲ್ಲಿ ಆರು ಸಲ ಬೆಳಗಿನ ಜಾವ 4ರ ಆಸುಪಾಸು. ಆ ಹೊತ್ತಿಗೇ ಅವರ ಅಪ್ಪ ಎದೆನೋವು ಬಂದು ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡಿದ್ದು. ಕಾಲು ಹಿಡಿದುಕೊಂಡು ಕೂತಿದ್ದವರು ಇವರೇ. ಅಂದಿನಿಂದ ಚಪ್ಪಲಿಯನ್ನು ಮಂಚದ ಕೆಳಗೇ ಇಟ್ಟು ಮಲಗುತ್ತಿದ್ದರು, ರಾತ್ರಿ ಓಡಲು ಸುಲಭ ಅಂತ.

ಸಿನಿಮಾದಲ್ಲಾದರೆ ಕಾರಣ ಸಿಕ್ಕ ಕೂಡಲೇ ಕಾಯಿಲೆ ವಾಸಿ. ಇಲ್ಲಿ ಹಾಗಲ್ಲ. ಆಮೇಲೂ ಎಂಟು ಭೇಟಿ ಬೇಕಾಯಿತು. ನಿದ್ದೆ ಪೂರ್ತಿ ಕೆಟ್ಟಿದ್ದರಿಂದ ಮನೋವೈದ್ಯರ ಹತ್ತಿರವೂ ಕಳಿಸಿದೆ. ನಾವು ಆಪ್ತಸಮಾಲೋಚಕರು ಮಾತ್ರೆ ಬರೆಯುವಂತಿಲ್ಲ. ಎಲ್ಲರಿಗೂ ಮಾತ್ರೆ ಬೇಕೆಂದೂ ಇಲ್ಲ. ಬೇಕಾದರೆ, ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಆರಾಮಾಯ್ತು ಅಂತ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ನಿಲ್ಲಿಸಿ.

ಮುಂದಿನ ಕೆಲಸ, ದಾರಿಯಲ್ಲಿ ಬಂದುಬಿಟ್ಟರೆ ಅಂತ ಹೆದರುವ ಜಾಗಕ್ಕೇ ಹೋಗುವುದು. ಮೊದಲು ಸಿಟಿ ಬಸ್ಸಿನಲ್ಲಿ ಗಂಡನ ಜೊತೆ ಎರಡು ಸ್ಟಾಪು. ಆಮೇಲೆ ಒಬ್ಬರೇ. ಕೊನೆಗೆ ಒಬ್ಬರೇ ಹರಿಹರಕ್ಕೆ. ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಯಿತು. ಇಳಿಯಲಿಲ್ಲ. ಗಡಿಯಾರ ನೋಡುತ್ತಾ ಕೂತರು. "ಏಳೇ ನಿಮಿಷ ಮೇಡಂ!" ಅಂತ ಹರಿಹರೇಶ್ವರ ಗುಡಿಯಿಂದಲೇ ಫೋನು.

ನೀವೋ ನಿಮ್ಮವರೋ ಶುರು ಮಾಡುವುದಿದ್ದರೆ, ಒಂದು ಭೇಟಿಗೆ ಎಷ್ಟು ಫೀಸು, ಎಷ್ಟು ಭೇಟಿ ಆಗಬಹುದು ಅಂತ ಮೊದಲೇ ಕೇಳಿ, ನಾಚಿಕೆ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದುಕೊಳ್ಳುವವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ. ಮೂರು-ನಾಲ್ಕು ಭೇಟಿಯಾದರೂ ಅವರ ಜೊತೆ ಹೊಂದಿಕೆ ಆಗದಿದ್ದರೆ ಅದನ್ನೇ ಅವರಿಗೆ ಹೇಳಿ. ಬೇರೆಯವರ ಹತ್ತಿರ ಹೋದರೆ ನಮಗೇನೂ ಬೇಜಾರಿಲ್ಲ. ದುಡ್ಡಿನ ತೊಂದರೆ ಇದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ರಾತ್ರಿ ಎಷ್ಟೊತ್ತಾದರೂ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸೇವೆ ಅದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಶಾರದಮ್ಮನಿಗೆ ಈಗಲೂ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುತ್ತದಂತೆ, ಬಂದು ಹೋಗುತ್ತದಂತೆ. ಹೋದ ವಾರ ಫೋನ್ ಮಾಡಿದ್ದರು. ಅಕ್ಕನ ಮಗ ಕಾಲೇಜಿಗೆ ಹೋಗುತ್ತಿಲ್ಲ, ರೂಮಿನಿಂದ ಹೊರಗೇ ಬರಲ್ಲ.

"ನಾಳೆ ಕರ್ಕೊಂಡು ಬರ್ತೀನಿ. ನೀವು ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ."

ನಾನು ಮಾತಾಡಲಿಲ್ಲ. ಆ ಕಡೆಯಿಂದ ಅವರೇ ನಕ್ಕರು. ಹುಡುಗನಿಗೆ ನನ್ನ ನಂಬರ್ ಕೊಡಿ, ಅವನೇ ಫೋನ್ ಮಾಡಲಿ ಎಂದೆ.