ಐವತ್ತೊಂಬತ್ತು ಅಂದ್ರ ಇನ್ನೂ ಹುಡುಗ

ಅರವತ್ತು ದಾಟಿದ ರಾಕ್ ಗಾಯಕನನ್ನು ನೋಡೋಕೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗೋದು ದಂಡವೇ, ದನಿ ಉಳಿದಿರುತ್ತಾ ಅಂತ ಕೇಳಿದ್ದೀರಿ. ನಾನು ಹಾಗೆ ಒಮ್ಮೆ ಹೋಗಿದ್ದೆ.

2003ರ ಏಪ್ರಿಲ್ 4. ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್, ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ತಂಡದ ಗಾಯಕ ಮಿಕ್ ಜಾಗರ್‌ಗೆ ಆಗ 59. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ರೊಕ್ಕ ಕೇಳುವಾಗ ಅಪ್ಪನಿಗೆ, ‘ವಯಸ್ಸಾಗೇದ ಅವಂಗ, ಇನ್ನ ಮುಂದ ಬರ್ತಾನೋ ಇಲ್ಲೋ’ ಅಂದೆ. ಅಪ್ಪ ನಕ್ಕುಬಿಟ್ಟರು. ‘ಐವತ್ತೊಂಬತ್ತು ಅಂದ್ರ ಇನ್ನೂ ಹುಡುಗ ಅಲ್ಲೇನೋ?’

ಅವರ ಲೆಕ್ಕವೇ ಬೇರೆ. ಹಿಂದಿನ ತಿಂಗಳಷ್ಟೇ ನಮ್ಮ ಗಂಗೂಬಾಯಿ ಹಾನಗಲ್ ಅವರಿಗೆ 90 ತುಂಬಿತ್ತು. ಗಂಟಲಿನ ತೊಂದರೆಯಾಗಿ ತೆಳು ದನಿ ಹೋಗಿ ಗಡಸು ದನಿ ಬಂದಾಗ ಅವರೇನು ಹಾಡು ಬಿಟ್ಟರಾ? ಆ ದನಿಯಲ್ಲೇ ಹೆಸರು ಮಾಡಿದರು. ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದವರು ಗಾಯಕರ ವಯಸ್ಸು ಕೇಳೋದೇ ಒಂದು ತಮಾಷೆ, ಅಲ್ವಾ?

ಅವತ್ತು ಮಳೆ. ಮೈದಾನ ತುಂಬಾ ಕೆಸರು. ನನ್ನ ಹೊಸ ಬೂಟು ಒಂದು ಅಲ್ಲೇ ಹೂತು ಹೋಯ್ತು, ಕೈ ಹಾಕಿ ಕಿತ್ತೆ. ಜಾಗರ್ ದನಿ? ಅದು ಮೊದಲಿಂದಲೂ ಇಂಪಾದದ್ದೇನಲ್ಲ, ಹಾಗಾಗಿ ಕೆಟ್ಟಿದೆ ಅಂತಾನೂ ಅನಿಸಲಿಲ್ಲ. ಆದರೆ ಆ ಮನುಷ್ಯ ಒಂದು ಕಡೆ ನಿಲ್ಲಲೇ ಇಲ್ಲ. ಇಪ್ಪತ್ತೆರಡರ ನನಗೇ ನೋಡಿ ನೋಡಿ ಸುಸ್ತಾಯ್ತು.

ನಿಜ ಹೇಳಬೇಕೆಂದರೆ ನನ್ನ ಕಣ್ಣು ನೆಟ್ಟಿದ್ದು ಹಿಂದೆ ಕೂತಿದ್ದ ಡ್ರಮ್ಮರ್ ಚಾರ್ಲಿ ವಾಟ್ಸ್ ಮೇಲೆ. ಮುಂದೆ ಅಷ್ಟು ಕುಣಿದಾಟ ನಡೆದಿದ್ದರೂ ಈ ಪುಣ್ಯಾತ್ಮ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರ ಹಾಗೆ ನೆಟ್ಟಗೆ ಕೂತಿದ್ದರು. ದೊಡ್ಡ ಪರದೆಯ ಮೇಲೆ ಕೈ ಕಂಡಿತು. ಎಡಗೈ ಸ್ನೇರ್ ಅನ್ನೋ ಚಿಕ್ಕ ಡ್ರಮ್ ಮೇಲೆ ಬೀಳುವಾಗ ಬಲಗೈಯನ್ನು ಜೋಡಿ ತಾಳದಂಥ ಹೈ-ಹ್ಯಾಟ್‌ನಿಂದ ಸುಮ್ನೆ ಮೇಲೆತ್ತಿಬಿಡುತ್ತಿದ್ದರು. ಬೇರೆ ರಾಕ್ ಡ್ರಮ್ಮರುಗಳು ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಬಾರಿಸುತ್ತಾರೆ. ಇವರು ಒಂದು ಪೆಟ್ಟು ಖಾಲಿ ಬಿಡುತ್ತಿದ್ದರು. ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ್ದರೂ ಅದು ನನಗೆ ಗೊತ್ತೇ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ, ‘ಹೆಂಗ ಹಾಡಿದ ನಿನ್ನ ಹುಡುಗ?’ ಅಂದರು. ‘ಹಾಡಿದ್ದಕ್ಕಿಂತ ಓಡಿದ್ದ ಜಾಸ್ತಿ’ ಅಂದೆ. ವಾಟ್ಸ್ 2021ರಲ್ಲಿ ತೀರಿಕೊಂಡರು. ಜಾಗರ್ ಮಾತ್ರ 80 ತುಂಬಿದ ಮೇಲೂ, 2024ರಲ್ಲಿ, ಉತ್ತರ ಅಮೆರಿಕದಲ್ಲಿ ಊರೂರು ತಿರುಗಿ ಹಾಡಿ ಬಂದ. ಅಪ್ಪನ ಲೆಕ್ಕವೇ ಸರಿ.

ಹಾಗಾಗಿ ಹೋಗಿ. ಹಳೇ ರೆಕಾರ್ಡಿನ ದನಿ ಹುಡುಕಬೇಡಿ, ಎತ್ತರದ ಸ್ವರ ಬಂದಾಗ ಮೈಕನ್ನು ಜನರ ಕಡೆ ತಿರುಗಿಸಿದರೆ ನೀವೂ ಕೂಗಿ. ವೇದಿಕೆ ಮುಂದೆ ನುಗ್ಗಬೇಡಿ, ಸೌಂಡ್ ಮಿಕ್ಸರ್ ಇಟ್ಟಿರುವ ಜಾಗದ ಹತ್ತಿರ ನಿಂತರೆ ಪದ ಪದವೂ ಕೇಳುತ್ತೆ. ಮುಗಿಯೋ ಹೊತ್ತಿಗೆ ನಮ್ಮ ಕಡೆಗೆ ವಂದೇ ಭಾರತ್ ಇರಲ್ಲ, ರಾತ್ರಿ ಬಸ್ಸು ಮೊದಲೇ ಬುಕ್ ಮಾಡಿಡಿ. ಮತ್ತೆ, ಹಳೇ ಬೂಟು ಹಾಕ್ಕೊಳ್ಳಿ.