ಎಕ್ಸ್‌ಕವೇಟರ್ ಚೈನ್ ಎಷ್ಟು ಬಿಗಿ ಇರಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಕ್ಸ್‌ಕವೇಟರ್‌ನ ಚೈನ್, ಅಂದರೆ ಚಕ್ರದ ಬದಲು ಗಾಡಿ ಓಡುವ ಪಟ್ಟಿಯ ಬಗ್ಗೆಯೇ ಇವೆ. ಮಳೆ ಹಿಡಿಯುವ ಮುಂಚೆ ತಿಳಿದುಕೊಳ್ಳಬೇಕಾದ ವಿಷಯವಾದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು 20 ಟನ್ನಿನ ಗಾಡಿ. ಕೆರೆ ಹೂಳು ತೆಗೆಯುವಾಗ ಎಡಗಡೆ ಚೈನ್ ಎರಡು ಸಲ ಕಳಚಿತು. ಎರಡು ಸಲವೂ ಆಪರೇಟರ್ ಗ್ರೀಸ್ ಹೊಡೆದು ಚೆನ್ನಾಗಿ ಬಿಗಿ ಮಾಡಿದ. ಈಗ ಕಳಚುತ್ತಿಲ್ಲ. ಆದರೆ ಓಡುವಾಗ ಟಕ್ ಟಕ್ ಸದ್ದು, ಏರಿನಲ್ಲಿ ಎಳೆತವೂ ಕಡಿಮೆ. ಎಷ್ಟು ಬಿಗಿ ಇರಬೇಕು ಸರ್?
– ಸಕಲೇಶಪುರದ ಓದುಗರು

ಉತ್ತರ: ನೀವು ಹೇಳುವ ಲಕ್ಷಣ ನೋಡಿದರೆ ಬಿಗಿ ಅತಿಯಾಗಿದೆ. ಕೆಸರಿನಲ್ಲಿ ಕೆಲಸ ಮಾಡುವ ಗಾಡಿಗೆ ಚೈನ್ ಕೊಂಚ ಸಡಿಲವೇ ಇರಬೇಕು. ಹೂಳು ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಲ್ಲಿನ ಚಕ್ರ) ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತರೆ ಚೈನಿನ ಬುಷ್ (ಲಿಂಕುಗಳನ್ನು ಸೇರಿಸುವ ಪಿನ್ನಿನ ಮೇಲಿನ ಕೊಳವೆ) ಹಲ್ಲಿನ ಬುಡಕ್ಕೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಚೈನ್ ಸುತ್ತಬೇಕಾದ ದಾರಿ ದೊಡ್ಡದಾಯಿತು, ಚೈನ್ ಮಾತ್ರ ಮೊದಲಿನಷ್ಟೇ ಉದ್ದ. ಹಾಗಾಗಿ ತೊಳೆದು ನಿಲ್ಲಿಸಿದಾಗ ಸರಿಯಾಗಿ ಕಂಡ ಬಿಗಿ, ಕೆರೆಯಂಗಳಕ್ಕೆ ಇಳಿದ ಸ್ವಲ್ಪ ಹೊತ್ತಿಗೇ ಅತಿಯಾಗುತ್ತದೆ. ಆ ಹೊರೆಯೆಲ್ಲ ಪಿನ್, ಬುಷ್, ಐಡ್ಲರ್ (ಚೈನಿನ ಇನ್ನೊಂದು ತುದಿಯ ಹಲ್ಲಿಲ್ಲದ ಚಕ್ರ) ಬೇರಿಂಗ್ ಮತ್ತು ಗಾಡಿ ಓಡಿಸುವ ಟ್ರಾವೆಲ್ ಮೋಟಾರಿನ ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ಎಳೆತ ಕಡಿಮೆಯಾಗುವುದು, ಡೀಸೆಲ್ ಜಾಸ್ತಿ ಕುಡಿಯುವುದು ಇದರಿಂದಲೇ.

ಮೊದಲು ಅಳೆಯಿರಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಮೇಲ್ಭಾಗವನ್ನು 90 ಡಿಗ್ರಿ ತಿರುಗಿಸಿ. ಬೂಮ್ (ಗಾಡಿಗೆ ಹೊಂದಿದ ದೊಡ್ಡ ತೋಳು) ಮತ್ತು ಆರ್ಮ್ (ಬಕೆಟ್ ಹಿಡಿದ ತೋಳು) ನಡುವೆ 90ರಿಂದ 110 ಡಿಗ್ರಿ ಕೋನ ಇರಲಿ. ಬಕೆಟ್‌ನ ಹಲ್ಲು ಊರಬಾರದು, ದುಂಡನೆಯ ಬೆನ್ನು ನೆಲಕ್ಕೆ ತಾಗಬೇಕು. ಬೂಮ್ ಒತ್ತಿ ಒಂದು ಬದಿಯ ಚೈನನ್ನು ಮೇಲೆತ್ತಿ, ಫ್ರೇಮ್ ಕೆಳಗೆ ದಪ್ಪ ಮರದ ದಿಮ್ಮಿ ಕೊಡಿ. ಎತ್ತಿದ ಚೈನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಮಣ್ಣು ಉದುರಿಸಿ. ಆಮೇಲೆ ನಡುಭಾಗದಲ್ಲಿ, ಟ್ರ್ಯಾಕ್ ಫ್ರೇಮಿನ ತಳದಿಂದ ಕೆಳಗೆ ಜೋತ ಪ್ಲೇಟಿನ ಮೇಲ್ಮೈವರೆಗೆ ಟೇಪ್ ಹಿಡಿಯಿರಿ. 20 ಟನ್ನಿನ ಹಿಟಾಚಿ ಜಡ್‌ಎಕ್ಸ್ 200ರಲ್ಲಿ ಈ ಅಳತೆ 300ರಿಂದ 335 ಮಿಲಿಮೀಟರ್. ಹೂಳಿನ ಕೆಲಸಕ್ಕೆ 335ರ ಹತ್ತಿರ ಇಡಿ. ಅರಸೀಕೆರೆ, ಕಡೂರಿನ ಗಟ್ಟಿ ಒಣನೆಲಕ್ಕೆ 300ರ ಕಡೆಗೆ ತನ್ನಿ.

ಕೊಮಾಟ್ಸು ಪಿಸಿ 200ರಲ್ಲಿ ಅಳೆಯುವ ರೀತಿಯೇ ಬೇರೆ. ಗಾಡಿಯನ್ನು ಚೈನ್ ನೆಲಕ್ಕೆ ತಾಗಿರುವಷ್ಟು ಉದ್ದ ಮುಂದೆ ಓಡಿಸಿ ನಿಲ್ಲಿಸಿ, ಐಡ್ಲರ್‌ನಿಂದ ಮೇಲಿನ ರೋಲರ್‌ವರೆಗೆ ಚೈನ್ ಮೇಲೆ ನೇರವಾದ ಮರದ ಪಟ್ಟಿ ಇಟ್ಟು, ಅದರ ಕೆಳಗೆ ಚೈನ್ ಎಷ್ಟು ತಗ್ಗಿದೆ ಎಂದು ನೋಡುವುದು. ಅಲ್ಲಿ 10ರಿಂದ 30 ಮಿಲಿಮೀಟರ್ ಸರಿ. ಒಂದು ಗಾಡಿಯ ಅಂಕಿಯನ್ನು ಇನ್ನೊಂದರ ವಿಧಾನಕ್ಕೆ ಹಚ್ಚಿ ಚೈನ್ ಹಾಳುಮಾಡಿಕೊಳ್ಳುವವರು ಬಹಳ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಂಕಿಯ ಜೊತೆಗೆ ಎಲ್ಲಿ ಅಳೆಯಬೇಕು ಎಂಬ ಚಿತ್ರವನ್ನೂ ನೋಡಿ.

ಸಡಿಲ ಮಾಡುವಾಗ ದಯವಿಟ್ಟು ಅವಸರ ಬೇಡ. ಸ್ಪ್ರಾಕೆಟ್ ಸಂದಿಯ ಜಲ್ಲಿ, ಮಣ್ಣು ಮೊದಲು ತೆಗೆಯಿರಿ. ಫ್ರೇಮ್ ಬದಿಯ ಕಿಂಡಿಯೊಳಗೆ ಗ್ರೀಸ್ ವಾಲ್ವ್ ಇದೆ. ಒಳಗಿನ ಸಿಲಿಂಡರಿನಲ್ಲಿ ತುಂಬಿದ ಗ್ರೀಸ್ ಐಡ್ಲರನ್ನು ಮುಂದೆ ತಳ್ಳಿ ಚೈನ್ ಬಿಗಿಯಾಗಿ ಇಡುತ್ತದೆ, ಗ್ರೀಸ್ ಹೊರಬಿಟ್ಟರೆ ಸಡಿಲವಾಗುತ್ತದೆ. ಸ್ಪ್ಯಾನರ್‌ನಿಂದ ಎಡಕ್ಕೆ ನಿಧಾನವಾಗಿ, ಹೆಚ್ಚೆಂದರೆ ಒಂದು ಸುತ್ತು ತಿರುಗಿಸಿ. ಮುಖ, ಕೈ, ಕಾಲು ಯಾವುದೂ ಕಿಂಡಿಯ ನೇರಕ್ಕೆ ಇರಬಾರದು, ಪಕ್ಕದಲ್ಲಿ ನಿಲ್ಲಿ. ಗ್ರೀಸ್ ಬರದಿದ್ದರೆ ಇನ್ನಷ್ಟು ಬಿಚ್ಚಬೇಡಿ. ಎಲ್ಲರನ್ನೂ ದೂರ ನಿಲ್ಲಿಸಿ, ಎತ್ತಿದ ಚೈನನ್ನು ಮೆಲ್ಲಗೆ ತಿರುಗಿಸಿದರೆ ಹೊರಬರುತ್ತದೆ. ಗ್ರೀಸ್ ಹೊಡೆಯುವ ನಿಪ್ಪಲ್ಲನ್ನಂತೂ ಬಿಚ್ಚಲೇಕೂಡದು. ಒಳಗಿನ ಒತ್ತಡಕ್ಕೆ ಅದು ಗುಂಡಿನ ಹಾಗೆ ಹಾರುತ್ತದೆ. ಗ್ರೀಸ್ ಚರ್ಮದೊಳಗೆ ನುಗ್ಗಿದರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಳತೆಗೆ ಬಂದ ಮೇಲೆ ವಾಲ್ವ್ ಬಿಗಿದು, ಗಾಡಿಯನ್ನು ಹಿಂದೆ ಮುಂದೆ ಓಡಿಸಿ, ಮತ್ತೆ ಅಳೆಯಿರಿ. ಬಲಗಡೆಯದನ್ನೂ ಇದೇ ಅಳತೆಗೆ ತನ್ನಿ.

ಚೈನ್ ಕಳಚಲು ಸಡಿಲವೊಂದೇ ಕಾರಣ ಅಲ್ಲ. ಕೆಳಗಿನ ರೋಲರ್‌ಗಳ ಅಂಚು ಸವೆದಿದೆಯೇ, ಐಡ್ಲರ್ ಅಕ್ಕಪಕ್ಕ ಅಲುಗುತ್ತದೆಯೇ ನೋಡಿ. ಏರಿಯ ಓರೆಯಲ್ಲಿ ನಿಂತಲ್ಲೇ ಗಾಡಿ ತಿರುಗಿಸುವುದನ್ನು ಆಪರೇಟರ್ ಬಿಡಬೇಕು.

ಪ್ರಶ್ನೆ: ಎಷ್ಟು ಗ್ರೀಸ್ ಹೊಡೆದರೂ ಚೈನ್ ಬಿಗಿಯಾಗುತ್ತಿಲ್ಲ, ಐಡ್ಲರ್ ಪೂರ್ತಿ ಮುಂದೆ ಹೋಗಿ ನಿಂತಿದೆ. ಒಂದು ಲಿಂಕ್ ತೆಗೆದುಬಿಡಿ ಎನ್ನುತ್ತಾರೆ. ತೆಗೆಯಬಹುದೇ?
– ಕಡೂರಿನ ಓದುಗರು

ಉತ್ತರ: ಬೇಡ. ಪಿನ್, ಬುಷ್ ಸವೆದು ಒಂದೊಂದು ಲಿಂಕಿನ ನಡುವಿನ ಅಂತರವೂ ಹಿಗ್ಗಿರುವುದರಿಂದ ಚೈನ್ ಉದ್ದವಾಗಿದೆ. ಒಂದು ಲಿಂಕ್ ತೆಗೆದರೆ ಒಟ್ಟು ಉದ್ದ ಕಡಿಮೆಯಾದೀತು, ಆದರೆ ಉಳಿದ ಲಿಂಕುಗಳ ಅಂತರ ಸ್ಪ್ರಾಕೆಟ್ ಹಲ್ಲಿಗೆ ಹೊಂದುವುದಿಲ್ಲ. ಬುಷ್ ಹಲ್ಲಿನ ತುದಿಗೆ ಹತ್ತುತ್ತದೆ, ಹೊಸ ಸ್ಪ್ರಾಕೆಟ್ ಹಾಕಿದರೂ ಬೇಗ ಚೂಪಾಗುತ್ತದೆ. ಚೈನ್ ಎಳೆದು ಹಿಡಿದ ಸ್ಥಿತಿಯಲ್ಲಿ, ಚೈನಿನ ಎರಡು ತುದಿ ಸೇರಿಸುವ ಮಾಸ್ಟರ್ ಪಿನ್ ಇರುವ ಜಾಗ ಬಿಟ್ಟು, ನಾಲ್ಕು ಲಿಂಕಿನ ಅಳತೆ ತೆಗೆಯಿರಿ. 190 ಮಿಲಿಮೀಟರ್ ಪಿಚ್ಚಿನ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರ) ಹೊಸ ಚೈನಿನಲ್ಲಿ ಅದು ಸುಮಾರು 760 ಬರುತ್ತದೆ. ಎಷ್ಟು ಹಿಗ್ಗಿದೆ ಎಂಬುದನ್ನು ಪುಸ್ತಕದಲ್ಲಿರುವ ಮಿತಿಗೆ ಹೋಲಿಸಿ. ಬುಷ್ ಇನ್ನೂ ಗಟ್ಟಿಯಿದ್ದರೆ ಪಿನ್, ಬುಷ್ ಒತ್ತಿ ತೆಗೆಯುವ ಟ್ರ್ಯಾಕ್ ಪ್ರೆಸ್ ಯಂತ್ರ ಇರುವ ವರ್ಕ್‌ಶಾಪಿನಲ್ಲಿ ಪಿನ್ ಮತ್ತು ಬುಷ್‌ಗಳನ್ನು 180 ಡಿಗ್ರಿ ತಿರುಗಿಸಿ ಹಾಕಿಸಬಹುದು. ಮಿತಿ ದಾಟಿದ್ದರೆ ಚೈನ್, ಸ್ಪ್ರಾಕೆಟ್ ಎರಡನ್ನೂ ಒಟ್ಟಿಗೇ ಬದಲಿಸಿ.

ಪ್ರಶ್ನೆ: ಸಂಜೆ ಬಿಗಿ ಮಾಡಿದ ಚೈನ್ ಬೆಳಿಗ್ಗೆಗೆ ಜೋತುಬಿದ್ದಿರುತ್ತದೆ.
– ಬೇಲೂರಿನ ಓದುಗರು

ಉತ್ತರ: ಗ್ರೀಸ್ ಸೋರುತ್ತಿದೆ. ಕಿಂಡಿಯ ಒಳಗೆ ಬಟ್ಟೆಯಲ್ಲಿ ಒರೆಸಿ, ಗ್ರೀಸ್ ಹೊಡೆದು, ರಾತ್ರಿ ಬಿಟ್ಟು ನೋಡಿ. ವಾಲ್ವ್ ಸುತ್ತ ಹೊಸ ಗ್ರೀಸ್ ಕಂಡರೆ ವಾಲ್ವ್ ಕೂರುವ ಜಾಗದಲ್ಲಿ ಮರಳಿನ ಕಣ ಸಿಕ್ಕಿರಬಹುದು, ಇಲ್ಲವೇ ವಾಲ್ವ್ ಸವೆದಿದೆ. ಚೈನ್ ಪೂರ್ತಿ ಸಡಿಲಿಸಿ ಒತ್ತಡ ಹೋದ ಮೇಲೆಯೇ ಅದನ್ನು ಬದಲಿಸಬೇಕು. ಕಿಂಡಿ ಒಣಗಿದ್ದು, ಐಡ್ಲರ್ ಹಿಂದಿನ ರಾಡ್ ಕಡೆ ಗ್ರೀಸ್ ಇಳಿದಿದ್ದರೆ ಸಿಲಿಂಡರಿನ ಸೀಲ್ ಹೋಗಿದೆ. ಸೀಲ್ ಕಿಟ್ ದುಬಾರಿಯಲ್ಲ. ಆದರೆ ಸಿಲಿಂಡರ್ ಹಿಂದಿನ ದೊಡ್ಡ ಸ್ಪ್ರಿಂಗನ್ನು ಟನ್‌ಗಟ್ಟಲೆ ಭಾರದಲ್ಲಿ ಅದುಮಿ ಕೂರಿಸಿರುತ್ತಾರೆ. ತೋಟದ ಶೆಡ್ಡಿನಲ್ಲಿ ಗ್ಯಾಸ್ ಕಟರ್ ಹಿಡಿದು ಅದನ್ನು ಬಿಚ್ಚಲು ಹೋಗುವುದು ಪ್ರಾಣಕ್ಕೆ ಅಪಾಯ. ಅದು ಪ್ರೆಸ್ ಇರುವವರ ಕೆಲಸ.

ಪ್ರಶ್ನೆ: ಕಾಫಿ ತೋಟಕ್ಕೆ ರಬ್ಬರ್ ಚೈನಿನ ಸಣ್ಣ ಗಾಡಿ ತಂದಿದ್ದೇವೆ. ಅದಕ್ಕೂ ಇದೇ ಲೆಕ್ಕವೇ?
– ಮೂಡಿಗೆರೆಯ ಓದುಗರು

ಉತ್ತರ: ಅಲ್ಲ. ಗಾಡಿ ಎತ್ತಿದಾಗ ನಡುವಿನ ರೋಲರ್ ಮತ್ತು ರಬ್ಬರಿನ ಒಳಮೈ ನಡುವೆ ಎಷ್ಟು ಸಂದಿ ಇದೆ ಎಂದು ನೋಡುವುದು. ಕುಬೋಟಾದಂಥ ಸಣ್ಣ ಗಾಡಿಗಳಲ್ಲಿ 10ರಿಂದ 15 ಮಿಲಿಮೀಟರ್. ರಬ್ಬರಿನ ಮೇಲೆ ಜೋಡಣೆಯ ಗುರುತು ಇದ್ದರೆ ಅದು ಮೇಲ್ಭಾಗದ ನಡುವೆ ಬರುವಂತೆ ತಿರುಗಿಸಿಕೊಂಡು ಅಳೆಯಿರಿ. ಹೊಸ ರಬ್ಬರ್ ಹಿಗ್ಗುವುದರಿಂದ ಮೊದಲ 30 ಗಂಟೆಗೆ ಒಮ್ಮೆ, ಆಮೇಲೆ 50 ಗಂಟೆಗೊಮ್ಮೆ ನೋಡಿ. ಸಡಿಲ ಚೈನಿನಲ್ಲಿ ಕಾಫಿ ಬುಡದ ಕೂಳೆಯ ಮೇಲೆ ತಿರುಗಿಸಿದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಕಳಚುತ್ತದೆ.

ಪ್ರಶ್ನೆ: ಗುಡ್ಡದ ರಸ್ತೆಯಲ್ಲಿ ಇಳಿಯುವಾಗ ಚೈನ್ ಹಲ್ಲು ಹಾರಿದ ಸದ್ದು ಬರುತ್ತದೆ. ಬಿಗಿ ಸರಿಯಾಗಿಯೇ ಇದೆ.
– ಕೊಪ್ಪದ ಓದುಗರು

ಉತ್ತರ: ಸ್ಪ್ರಾಕೆಟ್ ಯಾವ ಕಡೆ ಇದೆ ನೋಡಿ. ಕಡಿದಾದ ಜಾಗದಲ್ಲಿ ಹತ್ತುವಾಗಲೂ ಇಳಿಯುವಾಗಲೂ ಸ್ಪ್ರಾಕೆಟ್ ಇಳಿಜಾರಿನ ಕೆಳಬದಿಗೆ ಇರಬೇಕು. ಮೇಲ್ಬದಿಗೆ ಇದ್ದರೆ ಅದರ ಕೆಳಗಿನ ಚೈನ್ ಸಡಿಲಾಗಿ ಹಲ್ಲು ಹಾರುತ್ತದೆ. ಸಮನೆಲದಲ್ಲಿ ದೂರ ಹೋಗುವಾಗ ಮಾತ್ರ ಸ್ಪ್ರಾಕೆಟ್ ಹಿಂದೆ, ಐಡ್ಲರ್ ಮುಂದೆ. ದಿನವಿಡೀ ರಿವರ್ಸ್ ಓಡಿಸಿದರೆ ಬುಷ್ ಬೇಗ ಸವೆಯುತ್ತದೆ. ಇಳಿಯುವ ಮುಂಚೆ ಸಮತಟ್ಟಾದ ಜಾಗದಲ್ಲೇ ಕ್ಯಾಬಿನನ್ನು ತಿರುಗಿಸಿಕೊಳ್ಳಿ. ಕ್ಯಾಬಿನ್ ಸ್ಪ್ರಾಕೆಟ್ ಕಡೆಗೆ ಮುಖ ಮಾಡಿದಾಗ ಓಡಿಸುವ ಲಿವರ್‌ಗಳು ಉಲ್ಟಾ ಕೆಲಸ ಮಾಡುತ್ತವೆ ಎಂಬುದನ್ನು ಆಪರೇಟರಿಗೆ ಮೊದಲೇ ಹೇಳಿಡಿ.